ನೋಡದೆ ಹೇಳಿದ ಅಳತೆ

ನಮ್ಮ ಅಬ್ಬಾ ಗಡಿಯಾಚೆ ಮಹಾರಾಷ್ಟ್ರದ ಉಮದಿಯಲ್ಲಿ ದರ್ಜಿ. ಅವರು ಗಿರಾಕಿಯ ಮೈಗೆ ಟೇಪು ಹಿಡಿದದ್ದನ್ನು ನಾನು ಕಂಡದ್ದು ಕಡಿಮೆ. ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಎದೆ, ಭುಜ, ತೋಳು ಎಲ್ಲ ಅವರ ಕಣ್ಣಿಗೆ ಬಂದುಬಿಡುತ್ತಿತ್ತು. ಟೇಪು ಕೊರಳಲ್ಲಿ ತೂಗುತ್ತಿದ್ದದ್ದು ಬರೀ ಗಿರಾಕಿಯ ಸಮಾಧಾನಕ್ಕೆ. ಮನೆಯಲ್ಲಿ ನಾವು ದಖನಿ ಆಡುತ್ತಿದ್ದೆವು, ಸರಕಾರಿ ಕೆಲಸಕ್ಕೆ ತಾಲೂಕಿನ ಊರು ಜತ್ತಿಗೆ ಹೋದರೆ ಮರಾಠಿ. ಆದರೆ ಹೊಲಿಗೆಯ ಮಾತು ಬಂತೆಂದರೆ ಅಬ್ಬಾ ಕನ್ನಡಕ್ಕೆ ಬರುತ್ತಿದ್ದರು, ಕೆಲಸ ಕಲಿಸಿದ ಉಸ್ತಾದರು ಕನ್ನಡದಲ್ಲೇ ಬೈದು ಕಲಿಸಿದ್ದರಂತೆ. ಹಾಗಾಗಿ ಅವರ ಸಿಟ್ಟೂ ಕನ್ನಡದ್ದೇ.

ಸಂತೆಯ ದಿನ ಅಣ್ಣನನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡು, ವಿಜಾಪುರದ ಬಸ್ಸಿನಿಂದ ಇಳಿಯುವವರನ್ನು ತೋರಿಸಿ ಪರೀಕ್ಷೆ ಮಾಡುತ್ತಿದ್ದರು.

"ಆ ತಲಿಗೆ ಕೆಂಪು ಪಟಕಾ ಸುತ್ತಿದವನ ಎದಿ ಎಷ್ಟ?"

ನಾನು ನಲವತ್ತು ಅನ್ನುತ್ತಿದ್ದೆ. ಅಣ್ಣ ಕಣ್ಣು ಕಿರಿದು ಮಾಡಿ, "ಮೂವತ್ತೆಂಟ್ರೀ ಅಬ್ಬಾ. ಒಳಗ ಇನ್ನೊಂದ ಅಂಗಿ ಹಾಕ್ಯಾನ," ಅನ್ನುತ್ತಿದ್ದ. ಅವನೇ ಸರಿ ಇರುತ್ತಿದ್ದ. ನನಗಿಂತ ಆರು ವರ್ಷ ದೊಡ್ಡವನು, ಕೈಯೂ ಚಲೋ, ಕಣ್ಣೂ ಚಲೋ. ನನಗೆ ಹೊಟ್ಟೆಯುರಿ ಇರಲಿಲ್ಲ ಅಂದರೆ ಸುಳ್ಳಾದೀತು.

ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಸಂತೆಗೂ ರೆಡಿಮೇಡ್ ಅಂಗಿ ಬಂದವು. ಅಣ್ಣ ಒಂದು ದಿನ ಗಿರಾಕಿಗಳ ಎದುರಿಗೇ ಅಂದ: "ಹೊಲಿಗಿ ಮುಗೀತ್ರೀ ಅಬ್ಬಾ. ಇನ್ನ ನಿಮ್ಮ ಕಣ್ಣಳತಿ ಯಾರಿಗೂ ಬೇಕಾಗಿಲ್ಲ." ಅಬ್ಬಾ ಮೇಜಿನ ಮೇಲಿದ್ದ ಮರದ ಅಳತೆಪಟ್ಟಿಯಿಂದ ಅವನ ಬೆನ್ನಿಗೆ ಹೊಡೆದರು. ಇಪ್ಪತ್ತನಾಲ್ಕು ವರ್ಷದ ಮಗ, ಎದುರಿಗೆ ಊರ ಮಂದಿ. ಮರುದಿನ ಅಣ್ಣ ಗೋವಾ ಬಸ್ಸು ಹತ್ತಿದ.

ನಾಲ್ಕು ವರ್ಷ ಬರಲಿಲ್ಲ. ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಅಂಗಡಿಗೆ ಫೋನು ಮಾಡುತ್ತಿದ್ದ, ಅಮ್ಮಾ ಓಡುತ್ತಿದ್ದಳು. ಸಮುದ್ರದ ದಂಡೆಯ ದೊಡ್ಡ ಹೋಟೆಲಿನಲ್ಲಿ ದರ್ಜಿ ಆಗೇನಿ ಅಂದನಂತೆ. ಅಬ್ಬಾ ಫೋನಿಗೆ ಹೋಗುತ್ತಿರಲಿಲ್ಲ. ಆದರೆ ಬಂದವರಿಗೆಲ್ಲ, "ಹೊಲಿಗಿ ಮುಗೀತು ಅಂದಾವ ಈಗ ಹೊಲಿಗಿ ಮ್ಯಾಲ ಬದುಕ್ಯಾನ ನೋಡ್ರಿ," ಎಂದು ಹೇಳಿ ಹಿಗ್ಗುತ್ತಿದ್ದರು. ದರ್ಜಿ ಮನೆಯಲ್ಲಿ ಹಬ್ಬದ ಬಟ್ಟೆ ಊರವರದೆಲ್ಲ ಮುಗಿದ ಮೇಲೆ. ಎಷ್ಟೋ ರಂಜಾನಿಗೆ ನಾನು ಗುಂಡಿಯ ಜಾಗದಲ್ಲಿ ಪಿನ್ನು ಚುಚ್ಚಿಕೊಂಡು ನಮಾಜಿಗೆ ಹೋಗಿದ್ದೇನೆ. ಅಣ್ಣ ಹೋದ ಮೇಲೆ ಮಾತ್ರ ಅಬ್ಬಾ ಪ್ರತಿ ರಂಜಾನಿಗೆ ಮೊದಲು ಹೊಲಿಯುತ್ತಿದ್ದದ್ದು ಅವನ ಅಂಗಿ. ಅವನು ಹೋದಾಗಿನ ಅಳತೆ, ಎದೆ ಮೂವತ್ತೆಂಟು. ಹೊಲಿದು, ಕಾಜಾ ಮಾಡಿ, ಗುಂಡಿ ಹಚ್ಚಿ, ಟ್ರಂಕಿನಲ್ಲಿ ಇಡುತ್ತಿದ್ದರು.

ನಾಲ್ಕನೆಯ ವರ್ಷ ಅಮ್ಮಾ ಫೋನಿನಿಂದ ಬಂದವಳೇ ಅಳುತ್ತ ಕೂತಳು. "ಮಾತ ಕಡಿಮಿ, ಕೆಮ್ಮೇ ಭಾಳ," ಅಂದಳು. ಅಬ್ಬಾನ ಎರಡೂ ಕಣ್ಣಿಗೆ ಅಷ್ಟೊತ್ತಿಗೆ ಪೊರೆ ಬಂದು, ಸೂಜಿಗೆ ದಾರ ನಾನೇ ಪೋಣಿಸಬೇಕಾಗಿತ್ತು. ಅವರು ಟ್ರಂಕಿನಿಂದ ಹೊಸ ಅಂಗಿ ತೆಗೆದು ನನ್ನ ಕೈಗಿಟ್ಟರು.

"ಹೋಗಿ ನೋಡಿ ಬಾ. ಮಾತ ಏನ ಆಡಿದ ಅಂತ ನನಗ ಬ್ಯಾಡ. ಎದಿ ಎಷ್ಟಾಗೇತಿ ಅಷ್ಟ ನೋಡಿ ಬಂದ ಹೇಳು. ಸೊರಗಿದ್ರ ನಾನೇ ಹೋಗಿ ಕರಕೊಂಡ ಬರ್ತೀನಿ."

ಇಷ್ಟೇ ನನ್ನ ಕೆಲಸ. ಒಂದು ಎದೆ ನೋಡಿ ಬರುವುದು.

ವಿಜಾಪುರಕ್ಕೆ ಹೋಗಿ ಅಲ್ಲಿಂದ ಗೋವಾ ಬಸ್ಸು ಹಿಡಿದೆ. ಹೋಟೆಲಿನ ಹೆಸರು ಹೇಳಿದರೆ ರಿಕ್ಷಾದವನು ನನ್ನ ಟೊಪ್ಪಿಗೆಯನ್ನೂ ಮುಖವನ್ನೂ ನೋಡಿ ನಕ್ಕ. ಕೆಲಸದವರ ಹಿಂಬಾಗಿಲು ನನಗೇನು ಗೊತ್ತು? ಬಿದಿರಿನ ಎತ್ತರದ ಬೇಲಿ ಸುತ್ತಿಕೊಂಡು, ದಂಡೆಗುಂಟ ನಡೆದು ಒಳಗೆ ಹೋದೆ. ಎದುರಿಗೆ ನಮ್ಮ ಅಬ್ಬಾನ ವಯಸ್ಸಿನ ಬಿಳಿಯ ಗಂಡಸು, ಅವನ ಹೆಂಡತಿ, ಕೈ ಕೈ ಹಿಡಿದುಕೊಂಡು ಬಂದರು. ಮೈಮೇಲೆ ಒಂದೆಳೆ ನೂಲಿಲ್ಲ!

ಯಾ ಅಲ್ಲಾ! ಸಮುದ್ರದ ಕಡೆ ತಿರುಗಿದೆ, ನೀರಲ್ಲೂ ಹಾಗೆಯೇ ಇದ್ದರು. ಗಿಡಗಳ ಕಡೆ ತಿರುಗಿದೆ, ಮಂಚದ ಮೇಲೆ ಬಿಸಿಲಿಗೆ ಹಾಗೆಯೇ ಮಲಗಿದ್ದರು. ಮಣಿಕಟ್ಟಿಗೊಂದು ನೀಲಿ ಪಟ್ಟಿ, ಅಷ್ಟೇ ಉಡುಪು. ಕಡೆಗೆ ನನ್ನ ಚಪ್ಪಲಿಯನ್ನೇ ನೋಡುತ್ತ ನಿಂತುಬಿಟ್ಟೆ. ಕಾವಲಿನವನು ಬಂದು ರಟ್ಟೆ ಹಿಡಿದು ಕರೆದುಕೊಂಡು ಹೋದ.

ಅಣ್ಣನ ಹೊಲಿಗೆಯ ಜಾಗ ದಂಡೆಯಲ್ಲೇ, ತೆಂಗಿನ ಗರಿಯ ಚಪ್ಪರ, ಗೋಡೆ ಒಂದೇ ಕಡೆ. ಅವನು ಬನಿಯನ್, ಲುಂಗಿಯಲ್ಲಿ ಕೂತಿದ್ದನೆಂದು ಈಗ ಲೆಕ್ಕ ಹಾಕಿ ಹೇಳುತ್ತೇನೆ. ಆಗ ನಾನು ಕಂಡದ್ದು ಮಷೀನಿನ ಪೆಡಲಿನ ಮೇಲಿದ್ದ ಅವನ ಪಾದ. ತಲೆ ಎತ್ತಿದರೆ ಅವನ ಹಿಂದೆ ಆ ಮಂದಿ ಕಾಣುತ್ತಿದ್ದರು.

"ಏ, ಬಂದೇನೋ! ಕುಂದರ ಬಾ," ಅಂದ. ದನಿಯಲ್ಲಿ ಎಷ್ಟು ಖುಷಿ ಇತ್ತು!

ನಾನು ಕೂಡಲಿಲ್ಲ. "ನಾಚಿಕಿ ಬರಂಗಿಲ್ಲೇನ ನಿನಗ? ದೊಡ್ಡ ಹೋಟೆಲಿನಾಗ ದರ್ಜಿ ಅಂದಿ. ಬತ್ತಲಿದ್ದವರ ಊರಾಗ ದರ್ಜಿಗೇನ ಕೆಲಸ?"

"ಅರಿವಿ ಹಾಕ್ಕೊಂಡ್ರೂ ನಡೀತೈತಿ, ಬಿಟ್ರೂ ನಡೀತೈತಿ ಅಂತ ಈ ಬೇಲಿ ಒಳಗಿನ ಕಾನೂನು," ಎಂದು ನಕ್ಕ. "ಒಮ್ಮೆ ರೊಕ್ಕಾ ಕಟ್ಟಿ ಆ ಪಟ್ಟಿ ಕಟ್ಟಿಸಿಕೊಂಡ್ರ ಊಟಾ, ಕುಡಿಯೂದು, ಎಲ್ಲಾ ಅದರಾಗ ಬಂತು. ಅವರಿಗೆ ಅಂಗಿ ಬ್ಯಾಡ ಖರೆ. ಮಲಗಾಕ ಗಾದಿ ಬೇಕು, ನೆರಳಿಗೆ ಛತ್ರಿ ಬೇಕು, ಒರಸಾಕ ಟಾವೆಲ್ ಬೇಕು. ಹೊಲಿಗಿ ಎಲ್ಲಿ ತಪ್ಪತೈತಿ? ಮೊದಲ ಎರಡ ದಿನಾ ನಾನೂ ನಿನ್ನಂಗ ನೆಲಾನ ನೋಡಿದೆ. ಎಲ್ಲಾರೂ ಮನಶ್ಯಾರೋ. ಅಂಗಿ ಇಲ್ಲಂದ್ರ ಅಳತಿ ಭಾಳ ಚಲೋ ಕಾಣತೈತಿ."

ನಗುತ್ತ ನಗುತ್ತ ಕೆಮ್ಮು ಹತ್ತಿತು. ಬಹಳ ಹೊತ್ತು ಕೆಮ್ಮಿದ. ಉಪ್ಪಿನ ಗಾಳಿ ಅಂದ. ನಾನು ಅಂಗಿಯನ್ನು ಮಷೀನಿನ ಮೇಲೆ ಇಟ್ಟೆ. ಅವನು ಬಿಡಿಸಿ ಎದೆಗೆ ಹಿಡಿದುಕೊಂಡಿರಬೇಕು, ಬಟ್ಟೆಯ ಸಪ್ಪಳ ಕೇಳಿತು.

"ಹ್ಯಾಂಗ ಕಾಣತೈತಿ?"

"ಚಲೋ ಐತಿ," ಅಂದೆ, ನೆಲಕ್ಕೆ.

ಅವನು ಅಂಗಿ ಮಡಚಿ ನನ್ನ ಚೀಲದೊಳಗೇ ಇಟ್ಟ. "ಇರ್ಲಿ ಬಿಡು, ಹಬ್ಬಕ್ಕ ಬಂದಾಗ ಹಾಕ್ಕೋತೀನಿ. ಅಬ್ಬಾಗ ಇಲ್ಲಿದೇನೂ ಹೇಳಬ್ಯಾಡ." ಅವನು ದರ್ಜಿ. ಆ ಅಂಗಿ ಮೈಮೇಲೆ ಜೋತು ಬೀಳುತ್ತದೆಂದು ಅವನಿಗೆ ಗೊತ್ತಿತ್ತು.

ಆಗಲೇ ಒಬ್ಬ ಬಿಳಿಯ ಮುದುಕ ಹರಿದ ಛತ್ರಿ ಹಿಡಿದುಕೊಂಡು ಬಂದ. ನನಗೆ ಕಂಡದ್ದು ಅವನ ಕೆಂಪು ಪಾದಗಳು. ಅಣ್ಣ ಅರೆಬರೆ ಇಂಗ್ಲಿಷಿನಲ್ಲಿ ನಾನು ತಮ್ಮ ಎಂದು ಹೇಳಿದ. ಆ ಮನುಷ್ಯ ಏನೇನೋ ಅವಸರದಲ್ಲಿ ಹೇಳಿ, ನನ್ನ ಎರಡೂ ಭುಜ ಹಿಡಿದು ಅಣ್ಣನ ಕಡೆಗೆ ತಿರುಗಿಸಿದ. ತಿರುಗಿಸಿ ಅಲ್ಲಾಡಿಸಿದ. ನೋಡು, ಎಂದೇ ಅವನು ಹೇಳುತ್ತಿದ್ದದ್ದು, ಮತ್ತೇನು? ಬತ್ತಲೆ ಮೈ ತಾಕಿತೆಂದು ನಾನು ಕೊಸರಿಕೊಂಡು ಹೊರಗೆ ಬಂದೆ.

"ಒಂದಿನಾ ಇರೋ," ಅಂದ ಅಣ್ಣ. "ಮೀನು, ಅನ್ನಾ ಚಲೋ ಮಾಡ್ತಾರ."

"ಒಂದ ಗಳಿಗಿ ಇರಂಗಿಲ್ಲ," ಅಂದೆ. ಹಿಂಬಾಗಿಲಿನವರೆಗೆ ನನ್ನ ಹಿಂದೆ ಅವನ ಕೆಮ್ಮು ಬಂತು.

ಉಮದಿಗೆ ಬಂದಾಗ ಅಬ್ಬಾ ಅಂಗಡಿಯಲ್ಲೇ ಇದ್ದರು, ಮಷೀನಿನ ಮೇಲೆ ಸುಮ್ಮನೆ ಕೈ ಇಟ್ಟುಕೊಂಡು.

"ಎಷ್ಟ?"

ಇಡೀ ದಾರಿ ನನಗೆ ಆ ಹೋಟೆಲನ್ನು ಹೇಗೆ ಮುಚ್ಚಿಡುವುದೆಂಬುದೊಂದೇ ಚಿಂತೆ. ಈ ಪ್ರಶ್ನೆ ಮರೆತೇಹೋಗಿತ್ತು. ನೋಡಲಿಲ್ಲ ಅಂದರೆ ಯಾಕೆ ನೋಡಲಿಲ್ಲ ಎಂದು ಹೇಳಬೇಕಾಗುತ್ತಿತ್ತು. ಅಂಗಿ ಇದ್ದ ಚೀಲವನ್ನು ಬೆನ್ನ ಹಿಂದೆ ಸರಿಸಿ, ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. "ಅದೇ ಐತ್ರಿ ಅಬ್ಬಾ. ಮೂವತ್ತೆಂಟು."

"ಹಂಗಾದ್ರ ಚಿಂತಿಲ್ಲ," ಅಂದರು. ಅವರ ಮುಖ ಎಷ್ಟು ಹಗುರಾಯಿತು! ಅಮ್ಮಾಗೆ ಕೂಗಿ ಚಹಾ ಮಾಡಲು ಹೇಳಿದರು.

ಐದು ತಿಂಗಳಿಗೆ ಅಣ್ಣ ಬಂದ. ಆ ಹೋಟೆಲಿನ ಇಬ್ಬರು ಕೆಲಸಗಾರರು ಜೀಪಿನಲ್ಲಿ ತಂದರು. ಟಿ.ಬಿ. ಅಂದರು. ದವಾಖಾನೆಗೆ ಹೋಗಿದ್ದೇ ತಡವಾಗಿತ್ತಂತೆ. ಆ ಹರಿದ ಛತ್ರಿಯ ಮುದುಕನೇ ಸೇರಿಸಿದನಂತೆ.

ಅಂಗಳದಲ್ಲಿ ಹಲಗೆ ಹಾಕಿ, ಸುತ್ತ ಚಾದರ ಕಟ್ಟಿದೆವು. ಹೊಕ್ಕುಳಿನಿಂದ ಮೊಣಕಾಲಿನವರೆಗೆ ಅರಿವಿ ಮುಚ್ಚಿ, ಮಣ್ಣಿಗೆ ಒಯ್ಯುವ ಮೊದಲು ಮಯ್ಯತ್ತಿಗೆ, ಸತ್ತವರ ಮೈಗೆ, ನೀರು ಹಾಕಬೇಕು. ಒಳಗೆ ಮಸೀದಿಯ ಹಿರಿಯರು, ಅಬ್ಬಾ, ನಾನು. ಬೋರೆಹಣ್ಣಿನ ಗಿಡದ ಎಲೆ ಕುದಿಸಿದ ನೀರಿನ ಚರಿಗೆ ನನ್ನ ಕೈಯಲ್ಲಿತ್ತು. ಅಬ್ಬಾ ಕಾಣದ ಕಣ್ಣಿನಿಂದ ತಡವರಿಸಿ ಅಣ್ಣನ ಎದೆಯ ಮೇಲೆ ಗೇಣು ಇಟ್ಟರು. ಒಂದು ಗೇಣು ಇಟ್ಟು, ಎರಡನೆಯದು ಇಡಲು ಹೋಗಿ ಕೈ ನಿಲ್ಲಿಸಿದರು. ಪಕ್ಕೆಲುಬು ಒಂದೊಂದನ್ನೇ ಮುಟ್ಟಿದರು.

"ಇದು ಮೂವತ್ತ ಸೈತ ಇಲ್ಲಲ್ಲೋ."

ನಾನು ಚರಿಗೆಯನ್ನು ಹಲಗೆಯ ಅಂಚಿಗೆ ಇಟ್ಟೆ.

"ಐದ ತಿಂಗಳದಾಗ ಇಷ್ಟ ಇಳಿಯಂಗಿಲ್ಲ. ನೀ ಹೋದಾಗ ಎಷ್ಟಿತ್ತ?"

"ನೋಡಲಿಲ್ರೀ ಅಬ್ಬಾ," ಅಂದೆ. ಆ ಹೋಟೆಲು, ಆ ಮಂದಿ, ನನ್ನ ಚಪ್ಪಲಿ, ಎಲ್ಲ ಅಳುತ್ತ ಹೇಳಿದೆ. ಹಿರಿಯರು ಮುಖ ಆಚೆ ತಿರುಗಿಸಿಕೊಂಡರು.

ಅಬ್ಬಾ ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ. ಅಣ್ಣನ ಎದೆಯ ಮೇಲಿನ ಕೈ ತೆಗೆಯದೆ, ಬಹಳ ಮೆತ್ತಗೆ ಅಂದರು:

"ನೀರ ಹಾಕು. ಈಗಾದ್ರೂ ನೋಡಕೋತ ಹಾಕು."

ಚರಿಗೆ ಎತ್ತಿದೆ. ಬಲ ಭುಜದಿಂದ ಶುರು ಮಾಡಿ, ನೋಡುತ್ತ ಹಾಕಿದೆ.