ನಂಜಮ್ಮನ ಸಕ್ಕರೆಗೆ ಎಷ್ಟು ವರ್ಷ?

ಸಕ್ಕರೆ ಪರೀಕ್ಷೆಗೆ ಬಂದವರು ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಟ್ಟು, ತಿಂಡಿ ತಿಂದು, ಎರಡನೇ ಸಲ ಕೊಡಲು ಎರಡು ಗಂಟೆ ಕಾಯಬೇಕು. ಹಾಸನದ ಆ ಸಣ್ಣ ಕ್ಲಿನಿಕ್ಕಿನಲ್ಲಿ ಮಂಗಳವಾರ, ಶುಕ್ರವಾರದ ಆ ಎರಡು ಗಂಟೆ ಪಾಲಾಕ್ಷ ಅವರದು. ಚನ್ನರಾಯಪಟ್ಟಣ–ಹಾಸನ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದು ನಿವೃತ್ತರಾದವರು. ಅವರಿಗೂ ಸಕ್ಕರೆ ಇದೆ. ತಮ್ಮ ಆರೋಗ್ಯ ವಿಮೆಯ ಪಾಲಿಸಿ ಅರ್ಥವಾಗದೆ ಆರು ತಿಂಗಳು ಒದ್ದಾಡಿ ಕಲಿತದ್ದನ್ನು, ಜಗಲಿಯ ಬೆಂಚಿನ ಮೇಲೆ ಕೂತು ಕಾಯುವವರಿಗೆ ಪುಕ್ಕಟೆ ಹೇಳಿಕೊಡುತ್ತಾರೆ.

“ಪಾಲಿಸಿ ತಗೊಂಡ್ರೆ ಬಸ್ ಹತ್ತಿದಂಗೆ, ಅಷ್ಟೇಯ. ಇದು ನಾನ್‌ಸ್ಟಾಪು. ಮೊದ್ಲೇ ಇದ್ದ ಸಕ್ಕರೆಗೆ ಮಧ್ಯದಾರೀಲಿ ಶಾಂತಿಗ್ರಾಮದಲ್ಲಿ ನಿಲ್ಸಿ ಅಂದ್ರೆ ನಿಲ್ಸಲ್ಲ. ಹಾಸನ ಬರೋಗಂಟ ಕೂತಿರ್ಬೇಕು. ಅಲ್ಲೀಗಂಟ ಅದ್ರ ಖರ್ಚು ಕೊಡಲ್ಲ, ಅದ್ಕೇ ಕಾಯುವ ಅವಧಿ ಅನ್ನೋದು. ನಿಮ್ದ್ರಲ್ಲಿ ಎಷ್ಟು ವರ್ಷ ಬರ್ದೈತೆ, ನೋಡ್ಕೊಳ್ಳಿ.”

ಒಂದು ಶುಕ್ರವಾರ ಹಳ್ಳಿಮೈಸೂರಿನ ನಂಜಮ್ಮ ಕುಂಟುತ್ತಾ ಬಂದರು, ಜೊತೆಗೆ ಗಂಡ ದೇವರಾಜು. ಬಲಗಾಲಿನ ಬೆರಳಿನಲ್ಲಿ ಹುಣ್ಣು. ಸೋಮವಾರ ಆಪರೇಷನ್ ಆಗಬೇಕು, ವಾರ ಕಳೆದರೆ ಬೆರಳನ್ನೇ ತೆಗೆಯಬೇಕಾದೀತು ಎಂದು ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ವಿಮಾ ಕಂಪನಿ ಮಾತ್ರ ಖರ್ಚು ಕೊಡಲು ಒಪ್ಪಿರಲಿಲ್ಲ. ಪಾಲಿಸಿ ಮೂರು ವರ್ಷದ್ದು, ಕಾಯಿಲೆ ಹತ್ತು ವರ್ಷದ್ದು, ಮುಚ್ಚಿಟ್ಟಿದ್ದೀರಿ ಎಂದು ಬರೆದಿತ್ತು.

“ಹತ್ತು ವರ್ಷ ಅಂತ ಯಾರಮ್ಮ ಹೇಳಿದ್ದು?” ಪಾಲಾಕ್ಷ ಕೇಳಿದರು.

“ಆಸ್ಪತ್ರೇಲಿ ಕೇಳುದ್ರು. ನಾನೇ ಯೇಳ್ದೆ ಕಣಣ್ಣ.”

“ಸಕ್ಕರೆ ಐತೆ ಅಂತ ಗೊತ್ತಾಗಿದ್ದು ಯಾವಾಗ?”

“ಓದ್ ವರ್ಸ ಸುಗ್ಗೀಲಿ, ಇಲ್ಲೇಯ.”

“ಮತ್ತೆ ಹತ್ತು?”

ನಂಜಮ್ಮ ಸೆರಗಿನ ಅಂಚು ಸರಿಮಾಡಿಕೊಂಡರು. “ಓದ್ ವರ್ಸ ಅಂದ್ರೆ ಸಸಾರವಾಗಿ ನೋಡ್ಬುಡ್ತಾರೆ ಅನ್ನುಸ್ತು. ಹತ್ತು ಅಂದ್ರೆ ವಸಿ ಚೆಂದಾಗಿ ನೋಡ್ತಾರೆ ಅಂತ ಅಂದ್ಬುಟ್ಟೆ.”

ಬೆಂಚಿನವರೆಲ್ಲ ನಕ್ಕರು. “ಅರ್ಧ ಟಿಕೆಟ್‌ಗೋಸ್ಕರ ಮಕ್ಕಳ ವಯಸ್ಸು ಇಳಿಸ್ದೋರ್ನ ನನ್ನ ಸರ್ವೀಸ್ನಲ್ಲಿ ಸಾವಿರ ಜನ ನೋಡಿವ್ನಿ. ಕಾಯಿಲೆ ವಯಸ್ಸು ಏರ್ಸಿದೋರು ನೀವೇ ಮೊದಲು ಕಣಮ್ಮ,” ಎಂದರು ಪಾಲಾಕ್ಷ.

“ತನ್ ವಯಸ್ಸು ಕೇಳುದ್ರೆ ಮಾತ್ರ ಇಳಿಸ್ತಾಳೆ,” ಎಂದರು ದೇವರಾಜು.

“ನೀವ್ ಸುಮ್ಕಿರಿ.”

ಪಾಲಾಕ್ಷ ಪಾಲಿಸಿಯ ಜೊತೆಗಿದ್ದ ಅರ್ಜಿಯ ಪ್ರತಿ ತಿರುವಿದರು. ಸಕ್ಕರೆ ಇದೆಯೇ ಎಂಬಲ್ಲಿ ‘ಇಲ್ಲ’ ಎಂದಿತ್ತು. “ಇದು ನಿಜ. ತಪ್ಪು ಹೇಳಿರೋದು ಆಸ್ಪತ್ರೇಲಿ. ಆದ್ರೆ ಇದು ನಿಜ ಅಂತ ತೋರ್ಸೋಕೆ ಕಾಗದ ಬೇಕು. ಪಾಲಿಸಿ ಮಾಡ್ಸೋ ಮುಂಚೆ ಯಾವಾಗ್ಲಾದ್ರೂ ರಕ್ತ ಕೊಟ್ಟಿದ್ರಾ?”

“ಇಲ್ಲ” ಎಂದ ನಂಜಮ್ಮ, ನೆನಪಾಗಿ, “ಡೈರೀಲಿ ಅಸೀಗೆ ಇಂಜೆಕ್ಸನ್ ಆಕುಸ್ದ ದಿನ ನಮ್ಗೂ ಬೆರಳು ಚುಚ್ಚಿ ಚೀಟಿ ಕೊಟ್ರಪ್ಪ” ಎಂದರು. ತಮ್ಮ ಕಾಗದಗಳನ್ನೆಲ್ಲ ಅವರು ಒಲೆಗೆ ಹಾಕುವವರು. ಹಸುವಿನದನ್ನು ಮಾತ್ರ ಅವರು ಒಂದೂ ಕಳೆದಿಲ್ಲ.

ಅವನ್ನು ತರಲು ದೇವರಾಜು ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿ ಸಂಜೆ ಮರಳಿದರು. ಹಸುವಿನ ಲಸಿಕೆ ಕಾರ್ಡಿನ ಬೆನ್ನಿಗೆ ಡೈರಿಯವರು ಪಿನ್ ಹೊಡೆದಿದ್ದ ಚೀಟಿ: ನಂಜಮ್ಮ, ಸಕ್ಕರೆ 96, ಎಂದರೆ ಕಾಯಿಲೆ ಇಲ್ಲ. ತಾರೀಕು ಪಾಲಿಸಿಗಿಂತ ಒಂದು ತಿಂಗಳು ಹಿಂದಿನದು. ಕ್ಲಿನಿಕ್ಕಿನವರು ಕಾಯಿಲೆ ಮೊದಲು ಪತ್ತೆಯಾದ ದಿನದ ದಾಖಲೆ ಕೊಟ್ಟರು. ಆಸ್ಪತ್ರೆಯ ಡಾಕ್ಟರು ನಂಜಮ್ಮನಿಗೆ ಚೆನ್ನಾಗಿ ಬೈದು, ತಿದ್ದುಪಡಿಯ ಪತ್ರಕ್ಕೆ ಸಹಿ ಹಾಕಿದರು. ಎಲ್ಲವನ್ನೂ ಶನಿವಾರ ಬೆಳಿಗ್ಗೆ ಕಂಪನಿಗೆ ಕಳಿಸಿದ ಪಾಲಾಕ್ಷ ಒಂದೇ ಮಾತು ಹೇಳಿದರು: “ಆಗೇ ಆಗ್ತದೆ ಅಂತ ನಾನು ಹೇಳಲ್ಲ. ಕೇಳೋದು ಕೇಳಿದ್ದೀವಿ.”

ಸೋಮವಾರ ಹನ್ನೊಂದೂವರೆಗೆ ಒಪ್ಪಿಗೆ ಬಂತು. ಕೆಟ್ಟಿದ್ದ ಮಾಂಸವನ್ನಷ್ಟೇ ತೆಗೆದರು, ಬೆರಳು ಉಳಿಯಿತು.

ಹದಿನೆಂಟನೇ ದಿನ ಪಟ್ಟಿ ಬಿಚ್ಚಿಸಿಕೊಂಡು ಇಬ್ಬರೂ ಹಾಸನದ ಬಸ್ ನಿಲ್ದಾಣಕ್ಕೆ ಬಂದರು. ಹತ್ತಿಸಲು ದೇವರಾಜು ಕೈ ಚಾಚಿದರು.

“ದಾರಿ ಬುಡಿ,” ಎಂದು ನಂಜಮ್ಮ ತಾವೇ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದರು.