ತೊಂಡೆಬಳ್ಳಿಗೆ ಜೀನ್ಸ್ ಚಿಂದಿ

ರಾಯದುರ್ಗದ ನಮ್ಮ ಮನೆಯಂಗಳ ಪಡುವಣಕ್ಕೆ ಮುಖ ಮಾಡಿದೆ. ಹನ್ನೆರಡು ದಾಟಿತೆಂದರೆ ಅಲ್ಲಿ ಕಾಲಿಡುವಂತಿಲ್ಲ. ಅವ್ವನ ಹೊಲಿಗೆ ಮಷೀನು ಇರುವುದೂ ಅಲ್ಲೇ. ಜೀನ್ಸ್ ಯೂನಿಟ್ಟಿನಿಂದ ಬೆಳಿಗ್ಗೆ ಬರುವ ಬಟ್ಟೆಯ ಕಟ್ಟನ್ನು ಸಂಜೆಯೊಳಗೆ ಹೊಲಿದು ಕೊಡಬೇಕು. ಬಿಸಿಲಿಗೆ ಹೆದರಿ ಮಷೀನನ್ನು ಒಳಗೆ ಎಳೆದರೆ, ಕತ್ತಲೆ ಕೋಣೆಯಲ್ಲಿ ನೀಲಿ ಬಟ್ಟೆಯ ಮೇಲೆ ನೀಲಿ ದಾರ ಅವಳ ಕಣ್ಣಿಗೆ ಕಾಣುವುದಿಲ್ಲ.

"ಬರೋ ಬ್ಯಾಸಗಿಗೆ ಹೊಲಿಯೋದು ಬಿಟ್ಟುಬಿಡ್ತೀನಿ," ಎಂದಳು ಒಂದು ದಿನ. ಆ ಮಷೀನಿನ ಸದ್ದಿನಲ್ಲೇ ಓದಿ ಬೆಳೆದವಳು ನಾನು. ಒಪ್ಪಲಿಲ್ಲ.

ತಗಡು ಮಾರುವ ಸೋದರಮಾವನ ಬಳಿ ಉತ್ತರ ಸಿದ್ಧವಿತ್ತು. "ನಾಲ್ಕು ತಗಡು ಹೊದಿಸಿದ್ರ ಮುಗೀತು."

ಚಪ್ಪರ ಹಾಕಿ ಬಳ್ಳಿ ಹಬ್ಬಿಸೋಣ ಎಂದೆ.

"ಬಳ್ಳಿಯಂತ ಬಳ್ಳಿ! ಕಾಲೇಜಿನ ಚರ್ಚಾಸ್ಪರ್ಧೆಯಾಗ ಮಾತಾಡಿ ಕಪ್ ತಂದಂಗಲ್ಲವಾ ಇದು."

"ಆಗ್ಲಿ ಮಾವ, ಒಂದೇ ಪ್ರಶ್ನೆ. ನಿಮ್ಮ ಅಂಗಡಿಗೂ ತಗಡೇ ಐತಲ್ಲ, ಮಧ್ಯಾಹ್ನ ನೀವು ಎದುರಿನ ಬೇವಿನ ಮರದ ಕೆಳಗ ಯಾಕ ಕೂಡ್ತೀರಿ?"

ಅವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಮಾವ ಬಿಡಲಿಲ್ಲ. "ಯುಗಾದಿಗೆ ಊಟಕ್ಕ ಬರ್ತೀನಿ. ಅಂಗಳದಾಗ ನೆರಳಿಲ್ಲ ಅಂದ್ರ ಮರುದಿನಾನೇ ತಗಡು. ಆಯ್ತಾ?"

"ಆಯ್ತ್ರಿ."

ದೀಪಾವಳಿ ಕಳೆದ ವಾರ ಭೈರವಾನಿತಿಪ್ಪದ ಅತ್ತೆಯ ತೋಟದಿಂದ ತೊಂಡೆಕಡ್ಡಿ ತಂದು ಗೋಡೆಯ ಬುಡದಲ್ಲಿ ಊರಿದೆ. ನಾಲ್ಕು ಕಂಬ ನಿಂತವು. ಅವುಗಳ ನಡುವೆ ಏನು ಬಿಗಿಯುವುದು ಎಂಬಲ್ಲಿ ಅವ್ವನೊಂದಿಗೂ ವಾದ. ನಮ್ಮ ಬೀದಿಯಲ್ಲಿ ಎಮ್ಮೆ ಕಟ್ಟುವುದರಿಂದ ಹಿಡಿದು ಗೇಟು ಬಿಗಿಯುವವರೆಗೆ ಎಲ್ಲಕ್ಕೂ ಜೀನ್ಸ್ ಕತ್ತರಿಸಿ ಉಳಿದ ಚಿಂದಿಯೇ. ಅದನ್ನೇ ಹೊಸೆಯೋಣ ಎಂದಳು. ನಾನು ಕಬ್ಬಿಣದ ತಂತಿಯೇ ಆಗಬೇಕೆಂದೆ: ಬಟ್ಟೆ ಜೋಲುತ್ತದೆ, ಕೊಳೆಯುತ್ತದೆ, ಮೇಲಾಗಿ ಚಂದ ಕಾಣುವುದಿಲ್ಲ. ಅವ್ವ ಸುಮ್ಮನಾದಳು. ಸುಮ್ಮನಾದವರೆಲ್ಲ ಸೋತರೆಂದು ನಾನು ಎಣಿಸುತ್ತಿದ್ದ ಕಾಲ ಅದು.

ಬಳ್ಳಿ ಕಂಬ ಹತ್ತಿ ತಂತಿಗೆ ಕೈ ಚಾಚಿತು. ಶಿವರಾತ್ರಿಗೆ ಮೊದಲೇ ಬಿಸಿಲು ಏರಿತ್ತು; ತಂತಿಗೆ ತಾಗಿದ ಎಳೆಕುಡಿಗಳು ಕರಕಾಗಿ ಉದುರತೊಡಗಿದವು. ನಾನು ಮಣ್ಣನ್ನು ಬೈದೆ, ಅತ್ತೆಯ ಕಡ್ಡಿಯನ್ನು ಬೈದೆ. ಒಂದು ಸಂಜೆ ಕಾಲೇಜಿನಿಂದ ಬಂದು ನೋಡಿದರೆ ತಂತಿಯುದ್ದಕ್ಕೂ ನೀಲಿ ಚಿಂದಿ ಸುತ್ತಿದೆ.

"ಏನವ್ವಾ ಇದು?"

"ಕಾದ ಬೋಗುಣಿ ನೀನು ಬರೀ ಕೈಲೆ ಇಳಿಸ್ತೀಯೇನು? ಬಳ್ಳಿಗೂ ಮಸಿಬಟ್ಟಿ ಬ್ಯಾಡೇನು?"

ಸಡಿಲವಿದ್ದ ಒಂದು ಗಂಟನ್ನು ನಾನೇ ಬಿಗಿದೆ. ವಾರದೊಳಗೆ ಕುಡಿಗಳು ಆ ಚಿಂದಿಗೆ ಸುರುಳಿ ಸುತ್ತಿ ಹಿಡಿದುಕೊಂಡವು. ಪಾತ್ರೆ ತೊಳೆದ ನೀರು ಕುಡಿದೇ ಚಪ್ಪರದ ತುಂಬ ಓಡಿದವು.

ಯುಗಾದಿಯ ಹೋಳಿಗೆ ಊಟ ಅಂಗಳದಲ್ಲೇ ಆಯಿತು, ಸುಡು ಮಧ್ಯಾಹ್ನ ಒಂದು ಗಂಟೆಗೆ. ಮಾವ ತಲೆಯೆತ್ತಿ ತೂತು ಹುಡುಕಿದರು. ಒಂದು ಸಿಕ್ಕಿತು; ಅಂಗೈಯಷ್ಟು ಬಿಸಿಲು ಅವರ ಎಲೆಯ ಪಕ್ಕ ಬಿದ್ದಿತ್ತು.

"ಇಲ್ಲಿ ಸೋರ್ತೈತಿ ನೋಡವಾ."

ನಾನು ಬಾಯಿ ಬಿಡುವ ಮುಂಚೆ ಅವ್ವ ಹೇಳಿದಳು: "ಅದು ಸೂಜಿಗೆ ದಾರ ಪೋಣಿಸಾಕ ಬಿಟ್ಟೀನಣ್ಣ."

ಮರುದಿನ, ತಗಡು ಬರಬೇಕಿದ್ದ ದಿನ, ಎರಡು ಗಂಟೆಯ ಹೊತ್ತಿಗೆ, ಅಂಗಳದಲ್ಲಿ ಮಷೀನು ಎಡೆಬಿಡದೆ ಓಡುತ್ತಿತ್ತು. ಅಂಗಡಿಗೆ ಅರ್ಧ ಬಾಗಿಲು ಹಾಕಿ ಮಾವ ಬಂದರು. ಕೈಯಲ್ಲಿ ತಗಡಿರಲಿಲ್ಲ; ಬೇವಿನ ಮರದ ಕೆಳಗಿರುತ್ತಿದ್ದ ಅವರ ಸ್ಟೂಲು ಇತ್ತು.