ಗೆರೆಯನ್ನು ನಂಬದ ಬೋಡಿಲ್

ಬೆಳಗಿನ ಐದೂವರೆ. ಲೆಮ್ವಿಗ್ ಊರಾಚೆಯ ಗಾಳಿಯಂತ್ರದ ಗೋಪುರದೊಳಗೆ, ನೆಲದಿಂದ ಇಪ್ಪತ್ತೆರಡು ಮೀಟರ್ ಮೇಲೆ, ಬೋಡಿಲ್ ಕ್ವಿಸ್ಟ್ ಮಂಡಿಯೂರಿ ಕುಳಿತಿದ್ದಾರೆ. ಗೋಪುರದ ಎರಡು ತುಂಡುಗಳು ಕೂಡುವ ಜಾಗವದು. ಸುತ್ತಲೂ ಮೊಣಕೈಯುದ್ದದ ನೂರ ಇಪ್ಪತ್ತು ಬೋಲ್ಟುಗಳು. ಹೊರಗೆ ಸಮುದ್ರದ ಗಾಳಿ ಏರುತ್ತಿದೆ. ನಲವತ್ತೆರಡನೆಯ ಬೋಲ್ಟಿನ ಮುಂದೆ ಅವರು ತಡೆದಿದ್ದಾರೆ.

ಐವತ್ತೇಳರ ಬೋಡಿಲ್ ಹತ್ತೊಂಬತ್ತು ವರ್ಷಗಳಿಂದ ಮಾಡುತ್ತಿರುವುದು ಇದೊಂದೇ, ಬಿಗಿ ನೋಡುವುದು. ಮೊದಲು ಮೀನಿನ ಕಾರ್ಖಾನೆಯಲ್ಲಿದ್ದರು, ಅದು ಮುಚ್ಚಿತು. ದಿನಕ್ಕೆ ಮುನ್ನೂರು ಬೋಲ್ಟು, ಒಂದು ಡಬ್ಬಿ ರೈ ರೊಟ್ಟಿ, ಎರಡು ಫ್ಲಾಸ್ಕ್ ಕಾಫಿ. ಭುಜ ಎಂದೋ ಕೈಕೊಟ್ಟಿದೆ. ರೆಕ್ಕೆಗಳ ಫೋಟೊ ತೆಗೆಯುವವರಿಗೆ ಲೆಕ್ಕವಿಲ್ಲ, ಬೋಲ್ಟಿನದನ್ನು ಯಾರು ತೆಗೆಯುತ್ತಾರೆ?

"ಚೆನ್ನಾಗಿ ಎಳೆದು ಕೂರಿಸಿದ ಬೋಲ್ಟಿಗೆ ಗಾಳಿ ಹೊಡೆದ್ರೂ ಅಷ್ಟು ತಟ್ಟಲ್ಲ. ಒತ್ತಿ ಕೂತಿರೋ ಉಕ್ಕೇ ಹೊಡೆತ ತಿನ್ನುತ್ತೆ," ಎನ್ನುತ್ತಾರೆ. "ಬಿಗಿ ಇಳೀತೋ, ಪ್ರತಿ ಹೊಡೆತಾನೂ ಬೋಲ್ಟಿಗೇ. ತಂತೀನ ಹಿಂದೆ ಮುಂದೆ ಬಗ್ಗಿಸಿದ ಹಾಗೆ. ಒಂದಿನ ಟಪ್ ಅನ್ನುತ್ತೆ. ಆಮೇಲೆ ಪಕ್ಕದ್ದು. ಸಾಲು ಹೋದ್ರೆ ಗೋಪುರಾನೇ ನೆಲಕ್ಕೆ."

ಬಿಗಿದ ಮೇಲೆ ನಟ್ಟಿನಿಂದ ಉಕ್ಕಿನವರೆಗೆ ಬಣ್ಣದ ಗೆರೆ ಎಳೆಯುವುದು ಈ ಕೆಲಸದವರ ವಾಡಿಕೆ. ಗೆರೆ ಮುರಿಯದಿದ್ದರೆ ನಟ್ಟು ತಿರುಗಿಲ್ಲವೆಂದು ಮುಂದೆ ಹೋಗುತ್ತಾರೆ. ಆರು ವರ್ಷದ ಹಿಂದೆ ಬೋಡಿಲ್ ಕೂಡ ಹಾಗೇ ಹೋದರು. ನಟ್ಟು ತಿರುಗಿರಲಿಲ್ಲ, ನಿಜ. ಆದರೆ ಅದರಡಿಯ ಉಕ್ಕಿಗೆ ಬಳಿದ ಬಣ್ಣದ ಪದರ ಕುಗ್ಗಿ ಬಿಗಿ ಇಳಿದುಹೋಗಿತ್ತು. ಮೂರು ಬೋಲ್ಟು ತುಂಡಾದವು. ಯಾರಿಗೂ ಏನೂ ಆಗಲಿಲ್ಲ, ಬೋಡಿಲ್‌ಗೆ ಮಾತ್ರ ಅಂದಿನಿಂದ ನೆಮ್ಮದಿಯಿಲ್ಲ. ಈಗ ಒಂದೊಂದನ್ನೂ ಬೋಲ್ಟು ಎಳೆಯುವ ಯಂತ್ರ ಹಾಕಿ ಎಳೆದು ನೋಡುತ್ತಾರೆ. ಬಿಗಿ ಸರಿಯಿದ್ದರೆ ಪೂರ್ತಿ ಎಳೆಯುವವರೆಗೂ ನಟ್ಟು ಅಲುಗುವುದಿಲ್ಲ. ನಲವತ್ತೊಂದರ ನಟ್ಟು ಅರ್ಧ ಎಳೆತಕ್ಕೇ ಸಡಿಲಾಯಿತು. ನಲವತ್ತೆರಡರದೂ ಅಷ್ಟೇ.

ಫೋನ್ ಬಡಿದುಕೊಳ್ಳುತ್ತದೆ. ಮೇಲ್ವಿಚಾರಕ ಎಗೊನ್.

"ಏನೇ ಬೋಡಿಲ್, ಇಂಥಾ ಗಾಳೀಲಿ ರೆಕ್ಕೆ ನಿಲ್ಲಿಸ್ಕೊಂಡು ಕೂತಿದ್ದೀಯಲ್ಲ! ಗೆರೆ ನೆಟ್ಟಗಿದೆ ತಾನೆ?"

"ನೆಟ್ಟಗಿದೆ ಕಣೋ. ಬಿಗಿ ಇಲ್ಲ, ಎರಡರಲ್ಲಿ."

"ಎರಡೇ ತಾನೆ? ನಾಳೆ ನೋಡಿದ್ರಾಯ್ತು, ಬೀಗ ತೆಗಿ."

ಕೆಲಸಕ್ಕಿಳಿದವರು ಗಾಳಿಯಂತ್ರ ತಿರುಗದಂತೆ ಸ್ವಿಚ್ಚಿಗೆ ತಮ್ಮದೇ ಬೀಗ ಹಾಕುತ್ತಾರೆ, ಹಾಕಿದವರೇ ತೆಗೆಯಬೇಕು. ಬೋಡಿಲ್ ಜೇಬು ತಡಕುತ್ತಾರೆ. ಕೀಲಿ ಇದೆ. ಹೀಗೆ ತಡಮಾಡಿದ್ದಕ್ಕೆ ಎರಡು ಸಲ ಎಚ್ಚರಿಕೆಯ ಪತ್ರ ಬಂದಿದೆ. ಮೂರನೆಯದು ಬಂದರೆ ಕೆಲಸವೇ ಹೋಗುತ್ತದೆ. ಅವರಿಗೆ ಭಯವಾಗಿದೆ.

"ಎರಡನ್ನೂ ಬದಲಾಯಿಸ್ತೀನಿ, ಬಾಕಿ ಎಪ್ಪತ್ತೆಂಟನ್ನೂ ಎಳೀತೀನಿ. ಆಮೇಲೇ ಬೀಗ ತೆಗೆಯೋದು. ಅವಸರ ಇದ್ರೆ ಹತ್ತಿ ಬಾ, ಕಾಫಿ ಇದೆ."

ಆ ಕಡೆ ನಿಟ್ಟುಸಿರು. "ಮಧ್ಯಾಹ್ನದೊಳಗೆ ಮುಗ್ಸು, ಮೊಂಡಿ."

ನಿಮ್ಮ ಆಸೆ ಏನೆಂದು ಕೇಳಿದರೆ, ಬೋಡಿಲ್ ನಲವತ್ತಮೂರಕ್ಕೆ ಯಂತ್ರ ಕೂರಿಸುತ್ತಲೇ ಹೇಳುತ್ತಾರೆ:

"ನಾನು ಕೆಲಸ ಬಿಟ್ಟ ಮೇಲೆ ಬರೋರು ನನ್ನ ಗೆರೆ ನೋಡಿ ನಂಬಬಾರ್ದು. ನಾನು ಬಿಗಿದಿದ್ದನ್ನೂ ಎಳೆದೇ ನೋಡ್ಬೇಕು."